ಹೆಬ್ಬೆರಳಿಗೆ ಬಂದ ಮಹಾಪ್ರಾಣ

ಎಡಗೈ ಕಿರುಬೆರಳು ಜೋಮು ಹಿಡಿಯತೊಡಗಿ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಆ ಒಂದು ಬೆರಳು ಮಾತ್ರ ನನ್ನದಲ್ಲವೆಂಬಂತೆ ಹೊರಗೆ ಚಾಚಿಕೊಂಡಿರುತ್ತಿತ್ತು. ನನ್ನ ಹೊಟ್ಟೆಪಾಡು ಭಾಷಾಂತರ. ಬೆಂಗಳೂರಿನ ತ್ಯಾಗರಾಜನಗರದ ಎರಡನೆಯ ಮಹಡಿಯ ಕೋಣೆಯಲ್ಲಿ ಕೂತು ದಿನಕ್ಕೆ ಏಳೆಂಟು ಗಂಟೆ ಗಣಕದಲ್ಲಿ ಕನ್ನಡ ಕುಟ್ಟುತ್ತೇನೆ. ವೈದ್ಯರು ಬೆರಳಿಗೆ ವಿಶ್ರಾಂತಿ ಕೊಡಿ ಎಂದರು. ಬೆರಳಿಗೆ ಕೊಟ್ಟರೆ ಹೊಟ್ಟೆಗೂ ಕೊಡಬೇಕಾಗುತ್ತದೆ.

ಅಕ್ಕನಿಗೆ ಹೇಳಿದೆ. ಅವಳು ಹಳೆಯ ಕಾಲದಲ್ಲಿ ಬೆರಳಚ್ಚು ತರಗತಿಗೆ ಹೋಗಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. "ನೀನು ಕಲಿತದ್ದೇ ತಪ್ಪು ಕಣೋ. ಎಡಗೈ ಅಕ್ಷರಕ್ಕೆ ಬಲಗೈ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗೈ ಶಿಫ್ಟ್. ನೀನು ಎಲ್ಲದಕ್ಕೂ ಎಡಗೈಯನ್ನೇ ದುಡಿಸುತ್ತೀಯ" ಎಂದಳು. ನಿಜವೇ. ಆದರೆ ಅವಳ ನಿಯಮದಂತೆ ಒಂದು ವಾರ ಕುಟ್ಟಿ ನೋಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಶಿಫ್ಟ್ ಬೇಡುವ ಳ, ಣ, ಸೊನ್ನೆ, ಈ, ಊ, ಓ ಎಲ್ಲವೂ ಬಲಗೈಯ ಅಕ್ಷರಗಳು. ಅಂದರೆ ನಿಯಮ ಪಾಲಿಸಿದರೂ ಅವುಗಳ ಹೊರೆ ಎಡಗೈ ಕಿರುಬೆರಳ ಮೇಲೆಯೇ.

ಇದು ಇಂಗ್ಲಿಷಿನವರಿಗಿಂತ ಕನ್ನಡದವರನ್ನು ಹೆಚ್ಚು ಕಾಡುವ ತೊಂದರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬಳಸುವುದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ. ಕನ್ನಡ ಬರೆಯುವ 'ನುಡಿ' ತಂತ್ರಾಂಶದಲ್ಲಿರುವುದೂ ಅದೇ ದಾರಿಯದು. ಅದರ ಜಾಣತನ ಏನೆಂದರೆ ಇಡೀ ಕನ್ನಡ ವರ್ಣಮಾಲೆ ಇಂಗ್ಲಿಷಿನ 26 ಅಕ್ಷರ ಕೀಲಿಗಳೊಳಗೇ ಕೂತುಬಿಡುತ್ತದೆ. ಅಲ್ಪಪ್ರಾಣ ನೇರವಾಗಿ, ಮಹಾಪ್ರಾಣ ಶಿಫ್ಟ್ ಒತ್ತಿ. ಹ್ರಸ್ವ ನೇರವಾಗಿ, ದೀರ್ಘ ಶಿಫ್ಟ್ ಒತ್ತಿ. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ಕಲಿಯಲು ಒಂದು ಸಂಜೆ ಸಾಕು. ಆದರೆ 'ಬೆಂಗಳೂರು' ಎಂದು ಬರೆಯಿರಿ: ಬಿ, ಇ, ಶಿಫ್ಟ್-ಎಂ, ಜಿ, ಶಿಫ್ಟ್-ಎಲ್, ಶಿಫ್ಟ್-ಯು, ಆರ್, ಯು. ಎಂಟರಲ್ಲಿ ಮೂರಕ್ಕೆ ಶಿಫ್ಟ್ ಬೇಕು. ನನ್ನ ಕಸುಬಿನ ಹೆಸರನ್ನೇ ತೆಗೆದುಕೊಳ್ಳಿ. 'ಭಾಷಾಂತರ' ಎನ್ನಲು ಏಳು ಹೊಡೆತ, ಅದರಲ್ಲಿ ನಾಲ್ಕು ಶಿಫ್ಟಿನವು. ಇಂಗ್ಲಿಷಿನವರಿಗೆ ಶಿಫ್ಟ್ ವಾಕ್ಯದ ಆರಂಭಕ್ಕೊಮ್ಮೆ, ಅಂಕಿತನಾಮಕ್ಕೊಮ್ಮೆ ಬರುವ ನೆಂಟ. ನಮಗೆ ಅದು ಮನೆಯಲ್ಲೇ ಇರುವವನು. ಅಂಥವನನ್ನು ಐದು ಬೆರಳಲ್ಲಿ ಅತ್ಯಂತ ದುರ್ಬಲವಾದುದರ ಹೆಗಲಿಗೆ ಕಟ್ಟಿ, ಬಲಿಷ್ಠವಾದ ಎರಡು ಹೆಬ್ಬೆರಳುಗಳಿಗೆ ಸೇರಿ ಒಂದೇ ಒಂದು ಉದ್ದನೆಯ ಸ್ಪೇಸ್ ಕೀಲಿ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೀಲಿಮಣೆಯಲ್ಲಿ ಇದನ್ನು ಬದಲಿಸುವುದು ಸುಲಭವಲ್ಲ.

ಬಣ್ಣದ ದೀಪ, ಟಕಟಕ ಸದ್ದು ಇವೆಲ್ಲ ಕೀಲಿಮಣೆಯ ಹುಚ್ಚಿನವರಿಗೆ ಇರಲಿ. ನನಗೆ ಬೇಕಾದದ್ದು ಶಿಫ್ಟನ್ನು ಹೆಬ್ಬೆರಳಿಗೆ ತರುವುದಷ್ಟೇ. ಅದಕ್ಕಾಗಿ ಮೂರು ತಿಂಗಳ ಶನಿವಾರಗಳನ್ನು ಸುಟ್ಟೆ.

ಮೊದಲ ಶನಿವಾರ ಕೈಯ ಅಳತೆ. ದೇವರ ಮುಂದಿನ ಕುಂಕುಮವನ್ನು ನೀರಲ್ಲಿ ಕಲಸಿ ಹತ್ತೂ ಬೆರಳ ತುದಿಗೆ ಹಚ್ಚಿಕೊಂಡು, ಗ್ರಾಫ್ ಹಾಳೆಯ ಮೇಲೆ ಕೈಯನ್ನು ಸಹಜವಾಗಿ ಇಳಿಬಿಟ್ಟೆ. ಐದು ಸಲ ಮಾಡಿದೆ. ಐದು ಸಲವೂ ನಡುಬೆರಳ ಚುಕ್ಕೆ ಕಿರುಬೆರಳಿಗಿಂತ ಒಂದೂವರೆ ಇಂಚಿನಷ್ಟು ಮೇಲೆ ಬಿತ್ತು. ಸಾಮಾನ್ಯ ಕೀಲಿಮಣೆಯಲ್ಲಿ ಸಾಲುಗಳು ಪಕ್ಕಕ್ಕೆ ಓರೆಯಾಗಿ ಸರಿದಿರುತ್ತವೆ. ಅದು 19ನೆಯ ಶತಮಾನದ ಬೆರಳಚ್ಚು ಯಂತ್ರದ ಬಳುವಳಿ. ಪ್ರತಿ ಕೀಲಿಯ ಕೆಳಗಿನ ಸರಳು ಇನ್ನೊಂದಕ್ಕೆ ತಾಗದಂತೆ ಹಾಗೆ ಮಾಡಬೇಕಿತ್ತು. ಸರಳುಗಳು ಹೋಗಿ ಎಷ್ಟು ಕಾಲವಾಯಿತು, ಓರೆ ಹಾಗೇ ಉಳಿದಿದೆ. ನಾನು ಸಾಲುಗಳನ್ನು ನೆಟ್ಟಗೆ ಮಾಡಿ, ಕಂಬಸಾಲುಗಳನ್ನು ಕುಂಕುಮದ ಚುಕ್ಕೆಯಂತೆ ಮೇಲೆ ಕೆಳಗೆ ಸರಿಸಿದೆ. ಎರಡು ಹೋಳು, ಪ್ರತಿ ಹೋಳಿಗೆ ಮೂರು ಸಾಲು, ಆರು ಕಂಬಸಾಲು, ಜೊತೆಗೆ ಹೆಬ್ಬೆರಳಿಗೆ ಮೂರು. ಒಟ್ಟು 42 ಕೀಲಿ. ಅಂಕಿಗಳ ಸಾಲನ್ನೇ ತೆಗೆದುಹಾಕಿದೆ, ಅಂಕಿಗಳಿಗೆ ಒಂದು ಕೀಲಿ ಹಿಡಿದು ತೆರೆಯುವ ಇನ್ನೊಂದು ಪದರ. 26ರೊಳಗೆ ಕೂರುವ ವಿನ್ಯಾಸವಾದ್ದರಿಂದ ಇದು ಸಾಧ್ಯ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಚ, ಟ, ಡಗಳು ಬಲ ಅಂಚಿನ ಚಿಹ್ನೆಗಳ ಕೀಲಿಗಳ ಮೇಲೆ ಇರುವುದರಿಂದ ಇಷ್ಟು ಮೊಟಕು ಮಾಡಲಾಗದು.

ಹೆಬ್ಬೆರಳ ಮೂರು ಕೀಲಿಗಳು ಎಲ್ಲಿರಬೇಕೆಂಬುದನ್ನು ಮಾತ್ರ ಕುಂಕುಮ ಹೇಳಲಿಲ್ಲ. ಪ್ರತಿ ಸಲ ಬೇರೆ ಬೇರೆ ಕಡೆ ಬಿತ್ತು. ಹಾಗಾಗಿ ಅವನ್ನು ಪ್ರತ್ಯೇಕ ಪುಟ್ಟ ತಟ್ಟೆಯಾಗಿ ಮಾಡಿ, ನಾಲ್ಕು ತಂತಿಯ ಕನೆಕ್ಟರಿನಿಂದ ಸೇರಿಸುವುದೆಂದು ತೀರ್ಮಾನಿಸಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ತೀರ್ಮಾನ ಇದೊಂದೇ ಇರಬೇಕು.

ಎರಡನೆಯ ಶನಿವಾರ ಸೌತ್ ಎಂಡ್‌ನಲ್ಲಿ ಮೆಟ್ರೊ ಹತ್ತಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದು ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿಗೆ ನಡೆದೆ. ಮೊದಲ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಪ್ರಾಜೆಕ್ಟಾ ಸರ್? ಯಾವ ಕಾಲೇಜು?" ನರೆತ ತಲೆ ನೋಡಿಯೂ ಕೇಳಿದರು. 1ಎನ್4148 ಡಯೋಡ್ ಐವತ್ತು ಬೇಕೆಂದೆ. "ನೂರರ ಪಟ್ಟಿ ತೆಗೆದುಕೊಳ್ಳಿ ಸರ್, ಐವತ್ತು ಎಣಿಸುವ ಹೊತ್ತಿಗೆ ಬೇರೆ ಗಿರಾಕಿ ಹೋಗಿಬಿಡುತ್ತಾರೆ" ಎಂದು ಕಾಗದದ ಪಟ್ಟಿಗೆ ಅಂಟಿಸಿದ್ದನ್ನೇ ಕೊಟ್ಟರು. ಎರಡು ರಾಸ್ಪ್‌ಬೆರಿ ಪೈ ಪಿಕೋ (ಹೋಳಿಗೊಂದು ಮಿದುಳಿನಂತಿರುವ ಪುಟ್ಟ ಫಲಕ), ನಾಲ್ಕು ಪಿನ್ನಿನ ರೆಲಿಮೇಟ್ ಕನೆಕ್ಟರ್, ಹೀಟ್ ಶ್ರಿಂಕ್ ಸ್ಲೀವ್, ಆಡಿಯೋ ಜ್ಯಾಕ್ ಎರಡು. "ಬರ್ಗ್ ಸ್ಟ್ರಿಪ್ ಬೇಡವಾ?" ಎಂದು ಕೇಳಿದರು. ಪಿಕೋವನ್ನು ಬೆಸೆಯದೆ ಸಿಕ್ಕಿಸಿ ತೆಗೆಯಲು ಬರುವ ಪಿನ್ನುಗಳ ಪಟ್ಟಿ ಅದು. ಬೇಡ, ತಂತಿಯನ್ನು ನೇರವಾಗಿ ಬೆಸೆಯುತ್ತೇನೆ ಎಂದೆ. ಅವರು ಹುಬ್ಬೇರಿಸಿದರು. ಆ ಹುಬ್ಬಿನ ಅರ್ಥ ಆಮೇಲೆ ತಿಳಿಯಿತು. ಕೀಲಿಗಳ ಕೆಳಗೆ ಕೂರುವ ಸ್ವಿಚ್‌ಗಳು ಮಾತ್ರ ಆ ಬೀದಿಯಲ್ಲಿ ನನಗೆ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಚೆರ್ರಿ ಎಂಎಕ್ಸ್ ಮಾದರಿಯ ಕೆಂಪು, 45 ಗ್ರಾಮಿನಷ್ಟು ಭಾರಕ್ಕೆ ಇಳಿಯುವಂಥವು. 4 ಮಿ.ಮೀ. ಪ್ರಯಾಣದಲ್ಲಿ 2 ಮಿ.ಮೀ. ಇಳಿದೊಡನೆ ಅಕ್ಷರ ಮೂಡುತ್ತದೆ, ತಳ ಮುಟ್ಟುವವರೆಗೆ ಗುದ್ದಬೇಕಾಗಿಲ್ಲ.

ಸ್ವಿಚ್‌ಗಳನ್ನು ಹಿಡಿದುಕೊಳ್ಳುವ ತಟ್ಟೆಯಲ್ಲಿ ಮೊದಲ ಪೆಟ್ಟು ಬಿತ್ತು. ನಾಮಫಲಕ ಮಾಡುವ ಅಂಗಡಿಯಲ್ಲಿ 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ 14 ಮಿ.ಮೀ. ಚೌಕ ತೂತುಗಳನ್ನು ಲೇಸರಿನಲ್ಲಿ ಕೊರೆಸಿದೆ. ನೋಡಲು ಬಹಳ ಚೆಂದ. ಸ್ವಿಚ್ ಕೂರಿಸಿದರೆ 'ಟಕ್' ಎನ್ನಲಿಲ್ಲ. ಅದರ ಪಕ್ಕದ ಪುಟ್ಟ ಕೊಕ್ಕೆ 1.5 ಮಿ.ಮೀ. ದಪ್ಪದ ತಟ್ಟೆಯನ್ನು ಕಚ್ಚಿಕೊಳ್ಳಲೆಂದು ಮಾಡಿದ್ದು. ಎರಡು ಪಟ್ಟು ದಪ್ಪದಲ್ಲಿ ಅದಕ್ಕೆ ಕಚ್ಚಲು ಅಂಚೇ ಸಿಗುವುದಿಲ್ಲ. ಮೇಲಿನ ಟೊಪ್ಪಿ ಎಳೆದರೆ ಸ್ವಿಚ್ಚೂ ಕೈಗೆ ಬರುತ್ತಿತ್ತು. ಜೊತೆಗೆ ಲೇಸರ್ ಕೊರೆಯುವಾಗ ಅಂಚು ಸ್ವಲ್ಪ ಸುಟ್ಟುಹೋಗುತ್ತದೆ, ತೂತು ಬರೆದದ್ದಕ್ಕಿಂತ ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಲೆಕ್ಕವನ್ನೂ ನಾನು ಹಿಡಿದಿರಲಿಲ್ಲ. ಮುಂದಿನ ವಾರ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋಗಿ 1.5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮತ್ತೆ ಕೊರೆಸಿದೆ. ಯಂತ್ರದ ಹುಡುಗ ಕೊರೆದು ಮುಗಿಸಿ, ಎತ್ತಿ ಬೆಳಕಿಗೆ ಹಿಡಿದು, "ಇಡ್ಲಿ ತಟ್ಟೆಯಾ ಸರ್, ಚೌಕದ್ದು?" ಎಂದ. ಅಕ್ರಿಲಿಕ್ ತಟ್ಟೆಗಳು ಈಗ ಕೀಲಿಮಣೆಯ ತಳದ ಮುಚ್ಚಳಗಳಾಗಿವೆ.

ತಂತಿ ಕಟ್ಟುವುದು ಇಡೀ ಕೆಲಸದ ಜೀವ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದೊಂದು ಕೀಲಿಗೆ ಒಂದೊಂದು ತಂತಿ ಎಳೆದರೆ ಪಿಕೋದ 26 ಪಿನ್ನುಗಳು ಸಾಲವು ಎಂದಲ್ಲ, ಒಂದು ಹೋಳಿಗೆ ಸಾಕು. ಆದರೆ ಅದು ಕೀಲಿಮಣೆಯಾಗದೆ ಗುಬ್ಬಚ್ಚಿ ಗೂಡಾಗುತ್ತದೆ. ಹಾಗಾಗಿ ಅಡ್ಡಸಾಲು, ಕಂಬಸಾಲುಗಳ ಜಾಲ. ಹೋಳಿಗೆ ನಾಲ್ಕು ಅಡ್ಡ, ಆರು ಕಂಬ, ಹತ್ತೇ ಪಿನ್. ಪಿಕೋ ಒಂದೊಂದೇ ಸಾಲನ್ನು ತಟ್ಟಿ, ಯಾವ ಕಂಬದಿಂದ ಉತ್ತರ ಬಂತೆಂದು ನೋಡುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ತೊಂದರೆ ಎಲ್ಲಿ ಎಂದರೆ, ಒಂದು ಚೌಕದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ವಿದ್ಯುತ್ತು ಸುತ್ತಿ ಬಳಸಿ ಬಂದು, ಒತ್ತದ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣಿಸುತ್ತದೆ. ಈ ದೆವ್ವವನ್ನು ತಡೆಯಲೆಂದೇ ಪ್ರತಿ ಸ್ವಿಚ್ಚಿಗೆ ಒಂದು ಡಯೋಡ್. ಒಂದೇ ದಿಕ್ಕಿನಲ್ಲಿ ಹರಿ, ಹಿಂದೆ ಬರಬೇಡ ಎನ್ನುವುದು ಅದರ ಕೆಲಸ. ಡಯೋಡಿನ ಕಪ್ಪು ಪಟ್ಟಿ ಅಡ್ಡಸಾಲಿನ ಕಡೆಗಿರಬೇಕು. ಕೆಂಪು ಗಾಜಿನ, ಭತ್ತದ ಕಾಳಿನಷ್ಟು ಗಾತ್ರದ ವಸ್ತು. ಪಟ್ಟಿ ಕಾಣಲು ನಾನು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯಬೇಕಾಯಿತು.

ತಟ್ಟೆಯನ್ನು ಬೋರಲು ಹಾಕಿ, ಡಯೋಡಿನ ಒಂದು ಕಾಲನ್ನು ಸ್ವಿಚ್ಚಿನ ಪಿನ್ನಿಗೆ ಒಂದು ಸುತ್ತು ಸುತ್ತಿದೆ. ಇನ್ನೊಂದು ಕಾಲನ್ನು ತೊಂಬತ್ತು ಡಿಗ್ರಿ ಬಗ್ಗಿಸಿ ಪಕ್ಕದ ಡಯೋಡಿನ ಕಾಲಿನ ಮೇಲೆ ಒರಗಿಸಿದರೆ, ಕಾಲುಗಳೇ ಒಂದನ್ನೊಂದು ಹಿಡಿದು ಅಡ್ಡಸಾಲಾಗುತ್ತವೆ. ಬೇರೆ ತಂತಿಯೇ ಬೇಡ. ಕಂಬಸಾಲಿಗೆ ಮಾತ್ರ ಹೊದಿಕೆ ಇರುವ ತಂತಿ ಬೇಕು, ಇಲ್ಲದಿದ್ದರೆ ಅಡ್ಡಸಾಲಿಗೆ ತಾಗುತ್ತದೆ. ಅಟ್ಟದಲ್ಲಿ ಬಿದ್ದಿದ್ದ ಹಳೆಯ ಲ್ಯಾನ್ ಕೇಬಲ್ಲನ್ನು ಸಿಗಿದೆ. ಒಳಗೆ ಎಂಟು ಬಣ್ಣದ ಒಂಟಿ ಎಳೆಯ ತಾಮ್ರ. ಬಗ್ಗಿಸಿದ ಹಾಗೆ ನಿಲ್ಲುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಹೊದಿಕೆಗೆ ಒಂದು ಕ್ಷಣ ಒತ್ತಿ, ಕೀಲಿಗಳ ನಡುವಿನ ಅಂತರವಾದ 19 ಮಿ.ಮೀ.ಗೊಂದು ಕಿಟಕಿ ಕರಗಿಸಿದೆ. ಕಿಟಕಿಗೆ ಪಿನ್ ತಾಗಿಸಿ, ಐರನ್ನಿನಿಂದ ಎರಡನ್ನೂ ಕಾಯಿಸಿ, ಆಮೇಲೆ ಸೋಲ್ಡರ್ ತಂತಿ ಮುಟ್ಟಿಸಿದರೆ ಅದು ಕರಗಿ ಪಿನ್ನಿನ ಸುತ್ತ ಹರಿದು, ಗುಡ್ಡದ ಇಳಿಜಾರಿನಂತೆ ನಿಂತು ಹೊಳೆಯುತ್ತದೆ. ಐರನ್ನಿನ ತುದಿಗೇ ಸೋಲ್ಡರ್ ಹಚ್ಚಿ ತಂದು ಮೆತ್ತಿದರೆ ಗುಂಡಗೆ, ಮಂಕಾಗಿ ಕೂರುತ್ತದೆ. ಅಂಟಿದಂತೆ ಕಂಡರೂ ಅಂಟಿರುವುದಿಲ್ಲ. ಎಡಹೋಳಿಗೆ ಎರಡು ರಾತ್ರಿ ಹಿಡಿಯಿತು. ರಾಳದ ಹೊಗೆಗೆ ಕಿಟಕಿ ತೆರೆದಿಟ್ಟರೆ ಸೊಳ್ಳೆ, ಮುಚ್ಚಿದರೆ ಕೆಮ್ಮು. ಸೊಳ್ಳೆಯನ್ನೇ ಆರಿಸಿಕೊಂಡೆ.

ಫರ್ಮ್‌ವೇರ್ ಕ್ಯೂಎಂಕೆ. ಪಿಕೋದೊಳಗೆ ಕೂತು ಕೀಲಿಮಣೆಯನ್ನು ನಡೆಸುವ ಮುಕ್ತ ತಂತ್ರಾಂಶ ಅದು, ಯಾವ ಪಿನ್ ಯಾವ ಸಾಲು ಎಂದು ಬರೆದುಕೊಟ್ಟರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ಪಿಕೋದ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿದರೆ ಪೆನ್‌ಡ್ರೈವಿನಂತೆ ಕಾಣಿಸುತ್ತದೆ. ಫೈಲನ್ನು ಎಳೆದು ಅದರೊಳಗೆ ಹಾಕಿದರೆ ಮುಗಿಯಿತು. ಮೊದಲ ಪರೀಕ್ಷೆಗೆ ಕನ್ನಡವನ್ನೇ ಹಾಕಿದೆ. ತ, ಗ, ಬ ಮೂರೂ ಮೂಡಲಿಲ್ಲ. ಟಿ, ಜಿ, ಬಿ ಒಂದರ ಕೆಳಗೊಂದು ಇರುವವು, ಹಾಗಾದರೆ ದೋಷ ಆ ಕಂಬಸಾಲಿನ ಬುಡದಲ್ಲಿರಬೇಕು. ಮಲ್ಟಿಮೀಟರನ್ನು, ಸಂಪರ್ಕವಿದ್ದರೆ ಕೂಗುವ ಬೀಪ್ ಸ್ಥಾನಕ್ಕೆ ತಿರುಗಿಸಿ ಒಂದು ತುದಿಯನ್ನು ಪಿನ್ನಿಗೆ, ಇನ್ನೊಂದನ್ನು ತಂತಿಗೆ ಇಟ್ಟೆ. ಸದ್ದಿಲ್ಲ. ಅದೇ ಗುಂಡನೆಯ ಮಂಕು ಬೆಸುಗೆ. ಮತ್ತೆ ಕಾಯಿಸಿದೆ, ಬೀಪ್ ಎಂದಿತು. ಆದರೂ ದ ಬರಲಿಲ್ಲ, ಡಯೋಡ್ ತಿರುಗಾಮುರುಗಾ. 'ಇದೆ' ಎಂದು ಹೊಡೆದರೆ 'ಇಎ' ಎಂದು ಬೀಳುತ್ತಿತ್ತು. ದಕಾರವಿಲ್ಲದೆ ಕನ್ನಡದಲ್ಲಿ ನಾಲ್ಕು ವಾಕ್ಯ ಮುಗಿಸಿ ನೋಡಿ, ಆ ಅಕ್ಷರದ ಬೆಲೆ ತಿಳಿಯುತ್ತದೆ.

ಹೆಬ್ಬೆರಳ ತಟ್ಟೆಯನ್ನು ರಟ್ಟಿನ ಮೇಲೆ ಎರಡು ಬದಿಯ ಟೇಪಿನಿಂದ ಅಂಟಿಸಿ, ರೆಲಿಮೇಟ್ ಸಿಕ್ಕಿಸಿ ಹತ್ತು ದಿನ ಕೆಲಸ ಮಾಡಿದೆ. ದಿನವೂ ಎರಡು ಮೂರು ಮಿ.ಮೀ. ಸರಿಸುತ್ತಾ ಹೋದೆ. ಕೊನೆಗೆ ನಿಂತ ಜಾಗ, ನಾನು ಕಾಗದದ ಮೇಲೆ ಬರೆದಿದ್ದಕ್ಕಿಂತ ಒಂದು ಕೀಲಿಯಷ್ಟು ಒಳಗಿತ್ತು. ಒಂದೇ ತುಂಡಾಗಿ ಕೊರೆಸಿದ್ದರೆ ಮತ್ತೊಮ್ಮೆ ಪೀಣ್ಯಕ್ಕೆ ಹೋಗಬೇಕಿತ್ತು. ಬಿಡಿಬಿಡಿಯಾಗಿರುವುದರ ಲಾಭ ನನಗೆ ಮನದಟ್ಟಾದದ್ದು ಆಗಲೇ. ಎಡ ಹೆಬ್ಬೆರಳಿಗೆ ಶಿಫ್ಟ್, ಅಂಕಿಗಳ ಪದರ, ಕನ್ನಡ-ಇಂಗ್ಲಿಷ್ ಬದಲಾವಣೆ. ಬಲ ಹೆಬ್ಬೆರಳಿಗೆ ಸ್ಪೇಸ್, ಬ್ಯಾಕ್‌ಸ್ಪೇಸ್, ಎಂಟರ್. ಶಿಫ್ಟನ್ನು ಹಿಡಿದಿರಬೇಕಾಗಿಲ್ಲ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅನ್ವಯಿಸುತ್ತದೆ, 'ಭಾ' ಎಂಬಂಥದ್ದಕ್ಕೆ ಹಿಡಿದುಕೊಂಡರೂ ಆಗುತ್ತದೆ.

ನಡುವೆ ಒಂದು ಅತಿಬುದ್ಧಿಯನ್ನೂ ಮಾಡಿದೆ. ಕ್ಯೂಎಂಕೆಯಲ್ಲಿ ಆಟೋ ಶಿಫ್ಟ್ ಎಂಬುದೊಂದಿದೆ. ಕೀಲಿಯನ್ನು 175 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ತಾನೇ ಶಿಫ್ಟ್ ಸೇರಿಸಿಕೊಳ್ಳುತ್ತದೆ. ಓದಿದ ತಕ್ಷಣ ಮೈ ಜುಮ್ಮೆಂದಿತು. ಹ್ರಸ್ವಕ್ಕೆ ತಟ್ಟು, ದೀರ್ಘಕ್ಕೆ ಹಿಡಿ! ಒಂದು ಮಾತ್ರೆ, ಎರಡು ಮಾತ್ರೆ. ಛಂದಸ್ಸು ಬೆರಳಿಗೆ ಇಳಿದಂತೆ. ಸ್ವರಗಳ ಐದು ಕೀಲಿಗೆ ಮಾತ್ರ ಹಾಕಿಕೊಂಡೆ. ಬೆಳಿಗ್ಗೆ ಅದ್ಭುತ, ಸಂಜೆ ಬೆರಳು ದಣಿದು ನಿಧಾನವಾದಂತೆ ಹ್ರಸ್ವಗಳೆಲ್ಲ ದೀರ್ಘವಾಗತೊಡಗಿದವು. ನಾಲ್ಕನೆಯ ದಿನ 'ಬೆಳೆ ವಿಮೆ' ಕುರಿತ ಕರಪತ್ರವೊಂದು 'ಬೇಳೆ ವಿಮೆ' ಆಗಿ ಹೋಗಿ, ಅತ್ತ ಕಡೆಯವರು ಫೋನ್ ಮಾಡಿ ತೊಗರಿಯದೋ ಉದ್ದಿನದೋ ಎಂದು ಕೇಳಿದರು. ಅವತ್ತೇ ತೆಗೆದುಹಾಕಿದೆ.

ಅದಕ್ಕಿಂತ ಕೆಟ್ಟದ್ದು ಎಫ್ ಕೀಲಿಯದು. ಎಡಗೈ ತೋರುಬೆರಳು ಸದಾ ಅದರ ಮೇಲೆಯೇ ಕೂತಿರುತ್ತದೆ, 45 ಗ್ರಾಮ್ ಎಂದರೆ ಬೆರಳ ಭಾರಕ್ಕೇ ಇಳಿದುಬಿಡಬಹುದು. ಇಂಗ್ಲಿಷಿನಲ್ಲಾದರೆ ಒಂದು ಎಫ್ ಸುಮ್ಮನೆ ಹೆಚ್ಚಾಗಿ ಬಿದ್ದು ಕಣ್ಣಿಗೆ ಕಾಣುತ್ತದೆ. ನಮಗೆ ಅದು ಒತ್ತು. 'ಮಗನ ಮದುವೆ' ಎಂಬುದು 'ಮಗ್ನ ಮದುವೆ' ಆಯಿತು. ಮಗ್ನ ಎಂಬುದೂ ಸರಿಯಾದ ಪದವೇ ಆದ್ದರಿಂದ ಕಾಗುಣಿತ ಪರೀಕ್ಷಕ ಕೆಂಪು ಗೆರೆ ಎಳೆಯಲಿಲ್ಲ. ಆ ಒಂದು ಕೀಲಿಗೆ ಮಾತ್ರ 60 ಗ್ರಾಮಿನ ಕಪ್ಪು ಸ್ವಿಚ್ ಹಾಕಲು ನಿರ್ಧರಿಸಿದೆ. ಡೀಸೋಲ್ಡರ್ ಪಂಪಿನಿಂದ ಬೆಸುಗೆ ಹೀರಿ, ಡಯೋಡ್ ಕಾಲು ಬಿಡಿಸಿ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಲು ಅರ್ಧ ಗಂಟೆ ಹಿಡಿಯಿತು, ಡಯೋಡಿನ ಗಾಜು ಒಡೆದು ಇನ್ನೊಂದನ್ನು ಹಾಕಿದ್ದೂ ಸೇರಿ. ಬಲಹೋಳು ಕಟ್ಟುವಾಗ ಬುದ್ಧಿ ಬಂತು. ಪಿನ್ನಿಗೆ ನೇರ ಬೆಸೆಯದೆ, ಪ್ರತಿ ಸ್ವಿಚ್ಚಿನ ಕೆಳಗೆ ಹಾಟ್‌ಸ್ವ್ಯಾಪ್ ಸಾಕೆಟ್ ಇಟ್ಟು, ಅದಕ್ಕೆ ಬೆಸೆದು, ಬಿಸಿ ಅಂಟಿನಿಂದ ಭದ್ರ ಮಾಡಿದೆ. ಸ್ವಿಚ್ಚನ್ನು ಬಲ್ಬಿನಂತೆ ಕಿತ್ತು ಹಾಕಬಹುದು.

ಈಗ ಅಂಗಡಿಯವರ ಆ ಹುಬ್ಬಿನ ವಿಷಯ. ಎರಡು ಹೋಳುಗಳನ್ನು ಆಡಿಯೋ ಕೇಬಲ್ಲಿನಿಂದ ಜೋಡಿಸಿದ್ದೆ. ಅದರ ಪಿನ್ನಿನಲ್ಲಿ ಉಂಗುರಗಳು ಒಂದರ ಹಿಂದೊಂದು ಇರುತ್ತವೆ. ವಿದ್ಯುತ್ತು ಇರುವಾಗಲೇ ಎಳೆದರೆ ಒಂದು ಉಂಗುರ ಇನ್ನೊಂದರ ಜಾಗವನ್ನು ಸವರಿಕೊಂಡು ಹೊರಬರುತ್ತದೆ. ವಿದ್ಯುತ್ತಿನ ತಂತಿಯೂ ಗ್ರೌಂಡ್ ತಂತಿಯೂ ಒಂದು ಕ್ಷಣ ಮುಟ್ಟಿಕೊಂಡರೆ ಸಾಕು. ಓದಿ ತಿಳಿದಿದ್ದೆ. ಆದರೂ ಕಸ ಗುಡಿಸುವಾಗ ಕಾಲು ತಾಗಿ ಎಳೆದೆ. ಎಡಹೋಳಿನ ಪಿಕೋ ಮತ್ತೆ ಏಳಲಿಲ್ಲ. ಹದಿಮೂರು ತಂತಿ ಬಿಡಿಸಿ, ಹದಿಮೂರು ತಂತಿ ಬೆಸೆಯಬೇಕು. ಮತ್ತೆ ಅದೇ ಅಂಗಡಿಗೆ ಹೋದೆ. "ಒಂದು ಪಿಕೋ, ಜೊತೆಗೆ ಫೀಮೇಲ್ ಬರ್ಗ್ ಸ್ಟ್ರಿಪ್ ನಾಲ್ಕು" ಎಂದೆ. ಅವರು ಏನೂ ಹೇಳಲಿಲ್ಲ, ದೊಡ್ಡ ಮನಸ್ಸು. ಈಗ ಎರಡೂ ಪಿಕೋಗಳು ಸಾಕೆಟ್ಟಿನ ಮೇಲೆ ಕೂತಿವೆ. ಆಡಿಯೋ ಜ್ಯಾಕಿನ ಬದಲು ಅಟ್ಟದಲ್ಲಿದ್ದ ಹಳೆಯ ದೂರವಾಣಿಯ ರಿಸೀವರಿನ ಸುರುಳಿ ತಂತಿ ಹಾಕಿದೆ. ನಾಲ್ಕು ತಂತಿ, ಕ್ಲಿಪ್ಪಿನಿಂದ ಭದ್ರವಾಗಿ ಕಚ್ಚಿಕೊಳ್ಳುತ್ತದೆ, ಪಿನ್ನುಗಳು ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ನನ್ನ ತಂತಿಯಲ್ಲಿ ಒಂದು ತುದಿಯ 1 ಇನ್ನೊಂದು ತುದಿಯಲ್ಲಿ 4 ಆಗಿತ್ತು, ಕನ್ನಡಿಯೊಳಗಿನ ಬಿಂಬದಂತೆ; ಬೀಪ್ ಹಾಕಿ ನೋಡಿದ್ದರಿಂದ ಇನ್ನೊಂದು ಪಿಕೋ ಉಳಿಯಿತು.

ಮೊದಲ ಎರಡು ವಾರ ವೇಗ ನೆಲಕಚ್ಚಿತ್ತು. ಕಿರುಬೆರಳು ಅಭ್ಯಾಸಬಲದಿಂದ ಖಾಲಿ ಮೂಲೆಯನ್ನು ಒತ್ತುತ್ತಿತ್ತು. ಭಾಷೆ ಬದಲಿಸುವ ಕೀಲಿಯದೂ ಒಂದು ಕಾಟ. ಅದು ಗಣಕಕ್ಕೆ ಭಾಷೆ ಬದಲಿಸು ಎಂದು ಹೇಳಿ, ತಾನೂ ಕನ್ನಡ ಪದರಕ್ಕೆ ಹೋಗುತ್ತದೆ. ಆ ಪದರದಲ್ಲಿ ಕೆ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಕ್ಷ, ಜೆ ಮತ್ತು ಝಡ್ ಒಟ್ಟಿಗೆ ಒತ್ತಿದರೆ ಜ್ಞ. ಆದರೆ ಕೀಲಿಮಣೆಗೆ ಕನ್ನಡ ಗೊತ್ತಿಲ್ಲ. ಅದು ಕಳಿಸುವುದು ಕೀಲಿಯ ಸಂಖ್ಯೆಯನ್ನು, ಅಕ್ಷರ ಮಾಡುವುದು ಗಣಕ. ಮೌಸಿನಿಂದ ನಾನು ಭಾಷೆ ಬದಲಿಸಿದರೆ ಇದಕ್ಕೆ ತಿಳಿಯುವುದೇ ಇಲ್ಲ. ಇಬ್ಬರೂ ಬೇರೆ ಬೇರೆ ಭಾಷೆಯಲ್ಲಿ ನಿಂತಿರುತ್ತಾರೆ. ಪಿಕೋದ ಮೇಲಿನ ಪುಟ್ಟ ದೀಪ ಕನ್ನಡ ಪದರದಲ್ಲಿ ಮಾತ್ರ ಹತ್ತುವಂತೆ ಮಾಡಿಕೊಂಡಿದ್ದೇನೆ. ಬೇರೆಯವರ ಗಣಕದ ಮುಂದೆ ಕೂತರೆ ಈಗ ನಾನು ಹೆಬ್ಬೆಟ್ಟಿನವನೇ. ಒತ್ತುವ ಕಡೆ ಶಿಫ್ಟ್ ಇರುವುದಿಲ್ಲ.

ಖರ್ಚು, ಹಾಳು ಮಾಡಿದ್ದೂ ಸೇರಿ, ಆರು ಸಾವಿರದ ಆಸುಪಾಸು. ಈ ದುಡ್ಡಿಗೆ ಒಳ್ಳೆಯ ಸಿದ್ಧ ಕೀಲಿಮಣೆಯೇ ಬರುತ್ತದೆ ಎನ್ನುವವರಿಗೆ ಒಂದೇ ಮಾತು. ಇದರ ಹಿಂದಿನದೂ ಸಿದ್ಧ ಕೀಲಿಮಣೆಯೇ. ಒಂದು ಲೋಟ ಕಾಫಿ ಚೆಲ್ಲಿ ಒಳಗಿನ ಪ್ಲಾಸ್ಟಿಕ್ ಹಾಳೆಯ ಗೆರೆಯೊಂದು ಕಪ್ಪಾಯಿತು, ಐದು ಕೀಲಿ ಸತ್ತವು, ಉಳಿದ ತೊಂಬತ್ತೊಂಬತ್ತು ಸರಿಯಿದ್ದರೂ ಇಡಿಯಾಗಿ ಗುಜರಿಗೆ ಹೋಯಿತು.

ಕಳೆದ ವಾರ ಬಲಹೋಳಿನ ಕೆ ಎರಡೆರಡು ಬೀಳತೊಡಗಿತು. 'ಕಡೆ' ಎಂದರೆ 'ಕಕಡೆ'. ಅಕ್ಕ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಚಿಮುಟದಿಂದ ಸ್ವಿಚ್ ಎಳೆದು ಹೊಸದನ್ನು ಒತ್ತಿ ಕೂರಿಸಿದೆ. ಅವಳು ಎರಡು ಕಾಯಿ ಸುಲಿಯುವುದರೊಳಗೆ ಮುಗಿಯಿತು. ಕೈ ಒರೆಸಿಕೊಂಡು ಬಂದು ಎರಡು ಸಾಲು ಕುಟ್ಟಿ ನೋಡಿದಳು. "ಅಕ್ಷರವೇ ಬರೆದಿಲ್ಲವಲ್ಲೋ ಇದರ ಮೇಲೆ" ಎಂದಳು. ಆದರೂ ತಪ್ಪಲಿಲ್ಲ, ಶಿಫ್ಟ್ ಒಂದನ್ನು ಬಿಟ್ಟು. "ನನಗೆ ಮಾಡುವುದಾದರೆ ಗಟ್ಟಿ ಸ್ಪ್ರಿಂಗ್ ಹಾಕು, ಇದು ಬೆಣ್ಣೆ ಒತ್ತಿದ ಹಾಗಿದೆ. ಶಿಫ್ಟ್ ಮಾತ್ರ ಅದರ ಜಾಗದಲ್ಲೇ ಇರಲಿ."

ಕಿರುಬೆರಳ ಜೋಮು ಪೂರ್ತಿ ಹೋಗಿಲ್ಲ, ಕಾಫಿ ಲೋಟವನ್ನಂತೂ ಹಿಡಿಯುತ್ತದೆ. ಬಲಗೈ ಹೆಬ್ಬೆರಳ ತಟ್ಟೆ ಇನ್ನೂ ರಟ್ಟಿನ ಮೇಲೆಯೇ ಇದೆ. ಎಂಟರ್ ಕೀಲಿ ಎರಡು ಮಿ.ಮೀ. ಆಚೆ ಹೋಗಬೇಕೋ ಈಚೆ ಬರಬೇಕೋ ತೀರ್ಮಾನವಾಗಿಲ್ಲ.